ಕೊಲೆಗಾರನ ಮುಖ ಯಾಕೆ ತೋರಿಸಲಿಲ್ಲ?

ಪತ್ರ: ಹಿಚ್‌ಕಾಕ್‌ನ ಮೂಕಿ ಚಿತ್ರ ‘ದಿ ಲಾಡ್ಜರ್’ (1927) ನೋಡಿದೆ. ಕೊನೆಗೂ ಕೊಲೆಗಾರನ ಮುಖ ಕಾಣಲಿಲ್ಲ. ಆಗಿನ ವಿಮರ್ಶಕರು ಇದನ್ನು ಅಷ್ಟೊಂದು ಹೊಗಳಿದ್ದು ಯಾಕೆ? – ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಲಂಡನ್ನಿನಲ್ಲಿ ಮಂಗಳವಾರ ಬಂತೆಂದರೆ ಹೊಂಗೂದಲಿನ ಹುಡುಗಿಯೊಬ್ಬಳ ಕೊಲೆ. ಕಡೆಗೆ ನೋಡಿದರೆ, ಕೊಲೆಗಾರ ಸಿಕ್ಕಿಬಿದ್ದ ಅನ್ನುವ ಸುದ್ದಿ ಬಂದು ಕಥೆ ಮುಗಿದೇಹೋಗುತ್ತದೆ! ಆದರೆ ಹಿಚ್‌ಕಾಕ್‌ಗೆ ಬೇಕಾಗಿದ್ದು ಕೊಲೆಗಾರನಲ್ಲ, ಅನುಮಾನ. ಮಹಡಿಗೆ ಬಾಡಿಗೆಗೆ ಬಂದ ಅಪರಿಚಿತನ ಮೇಲೆ ಮನೆಯವರ ಕಣ್ಣು ಹೇಗೆ ಬದಲಾಗುತ್ತದೆ ಅನ್ನುವುದೇ ಇಲ್ಲಿ ಕಥೆ.

ಆ ಗಾಜಿನ ದೃಶ್ಯ ನೆನಪಿದೆ ಅಲ್ವಾ? ಮೇಲೆ ಅವನು ಶತಪಥ ಹಾಕುತ್ತಿದ್ದಾನೆ. ಕೆಳಗೆ ಮನೆಯವರು ತಲೆ ಎತ್ತುತ್ತಾರೆ. ತೂಗುದೀಪ ಅಲ್ಲಾಡುತ್ತದೆ. ಮೂಕಿ ಚಿತ್ರದಲ್ಲಿ ಹೆಜ್ಜೆ ಸದ್ದು ಕೇಳಿಸುವುದೆಲ್ಲಿ ಬಂತು? ಅದಕ್ಕೇ ದಪ್ಪ ಗಾಜಿನ ಮೇಲೆ ನಟನನ್ನು ನಡೆಸಿ, ಕೆಳಗಿನಿಂದ ಕ್ಯಾಮೆರಾ ಇಟ್ಟರು. ಚಾವಣಿಯೇ ಮಾಯವಾಗಿ ಅವನ ಅಂಗಾಲು ಕಾಣಿಸುತ್ತದೆ. ವಿಮರ್ಶಕರು ಮನಸೋತಿದ್ದು ಇಂಥ ಜಾಣತನಕ್ಕೆ.

ಹೊಗಳಿಕೆ ಸುಮ್ನೆ ಬರಲಿಲ್ಲ. ವಿತರಕ ಸಿ.ಎಂ. ವುಲ್ಫ್‌ಗೆ ಚಿತ್ರ ಹಿಡಿಸದೆ ಡಬ್ಬಿಯಲ್ಲೇ ಉಳಿಯಿತು. ನಿರ್ಮಾಪಕ ಮೈಕೆಲ್ ಬಾಲ್ಕನ್, ಐವರ್ ಮಾಂಟೆಗ್ಯು ಎಂಬ ಹುಡುಗನನ್ನು ಕರೆಸಿದರು. ಅವನು ದೃಶ್ಯಗಳ ನಡುವೆ ಬರುವ ಬರಹಗಳನ್ನು ಕತ್ತರಿಸಿ ಕತ್ತರಿಸಿ 80ರ ಆಸುಪಾಸಿಗೆ ಇಳಿಸಿದ. ಕೆಲವು ಭಾಗ ಮತ್ತೆ ಚಿತ್ರಿಸಲು ಹೇಳಿದ. 1926ರ ಸೆಪ್ಟೆಂಬರಿನಲ್ಲಿ ಚಿತ್ರೋದ್ಯಮದವರಿಗೆ ತೋರಿಸಿದಾಗ ‘ದಿ ಬಯೊಸ್ಕೋಪ್’ ಪತ್ರಿಕೆ, ಬ್ರಿಟನ್ನಿನಲ್ಲಿ ಈವರೆಗೆ ಬಂದ ಚಿತ್ರಗಳಲ್ಲೇ ಇದು ಅತ್ಯುತ್ತಮ ಇರಬಹುದು ಎಂದು ಬರೆಯಿತು. ಕೆಲವೇ ತಿಂಗಳ ಹಿಂದೆ ಮೂಲೆ ಸೇರಿದ್ದ ಚಿತ್ರ ಇದು!

ಕೊನೆಯ ಭಾಗ ಮಾತ್ರ ನನಗೂ ಸಪ್ಪೆಯೇ. ಆ ಬಾಡಿಗೆಯವನೇ ಕೊಲೆಗಾರನೋ ಅಲ್ಲವೋ ಗೊತ್ತಾಗದ ಹಾಗೆ ಮುಗಿಸುವ ಆಸೆ ಹಿಚ್‌ಕಾಕ್‌ಗಿತ್ತು. ಆದರೆ ಆ ಪಾತ್ರ ಮಾಡಿದ ನಾಯಕ ಐವರ್ ನೊವೆಲ್ಲೊ ಆಗ ದೊಡ್ಡ ಸ್ಟಾರ್. ಅವನ ಕೈಗೆ ರಕ್ತ ಅಂಟಿದರೆ ಅಭಿಮಾನಿಗಳು ಬಿಡುತ್ತಾರಾ? ಸ್ಟಾರ್‌ಗಾಗಿ ಕಥೆ ತಿದ್ದುವುದು ನಮ್ಮ ಗಾಂಧಿನಗರದವರಿಗಷ್ಟೇ ಗೊತ್ತಿರುವ ವಿದ್ಯೆಯೇನಲ್ಲ. ಆದರೂ ಹಿಚ್‌ಕಾಕ್ ಒಂದು ಕೊಂಕು ಉಳಿಸಿದ್ದಾನೆ. ಕಡೆಯ ಮುತ್ತಿನ ಹೊತ್ತಿಗೆ ಹಿಂದಿನ ಕಿಟಕಿ ನೋಡಿ. ಮೊದಲ ಕೊಲೆಯ ಜೊತೆ ಬಂದ ಅದೇ ‘ಟುನೈಟ್ ಗೋಲ್ಡನ್ ಕರ್ಲ್ಸ್’ (ಇಂದು ರಾತ್ರಿ, ಹೊಂಬಣ್ಣದ ಗುಂಗುರು ಕೂದಲು) ಫಲಕ ಅಲ್ಲಿ ಮಿನುಗುತ್ತಿರುತ್ತದೆ.

ಇನ್ನೊಮ್ಮೆ ನೋಡುವುದಾದರೆ 2012ರಲ್ಲಿ ಸರಿಪಡಿಸಿದ ಪ್ರತಿ ಹುಡುಕಿ. ನಿತಿನ್ ಸಾಹ್ನಿ ಸಂಗೀತ ಅದಕ್ಕಿದೆ. ನಡುವೆ ಹಾಡು ಬಂದಾಗ ವಾಲ್ಯೂಮ್ ಕಮ್ಮಿ ಮಾಡಿಕೊಳ್ಳಿ. ಮೂಕಿ ಚಿತ್ರಕ್ಕೆ ಹಾಡಿನ ಸಾಹಿತ್ಯ ಜಾಸ್ತಿಯಾಯಿತು ಅಂತ ನನ್ನ ತಕರಾರು.

– ಸಂ.