ನಾಲ್ಕು ಭಾಷೆ ಬರುವ ಕಾಸರಗೋಡಿನ ಮಕ್ಕಳಿಗೆ ಇಂಗ್ಲಿಷ್ ಯಾಕೆ ಕಷ್ಟ?

"ಕಾಸರಗೋಡಿನವರಿಗೆ ನಾಲ್ಕೈದು ಭಾಷೆ ಬರುತ್ತದಲ್ಲ, ಹಾಗಿದ್ದರೆ ಇಂಗ್ಲಿಷ್ ಕಲಿಯುವುದು ನಿಮಗೆ ನೀರು ಕುಡಿದಷ್ಟು ಸುಲಭ ಅಲ್ವಾ?" ಎಂದು ಕೇಳಿದ್ದೀರಿ. ಬೆಂಗಳೂರು, ಹುಬ್ಬಳ್ಳಿ ಕಡೆಯ ತುಂಬ ಜನ ಹೀಗೇ ಅಂದುಕೊಂಡಿದ್ದಾರೆ. ಅರ್ಧ ನಿಜ. ಉಳಿದ ಅರ್ಧ ಹೇಳಬೇಕಾದರೆ ಸ್ವಲ್ಪ ಊರಿನ ಕಥೆಯೂ ಹೇಳಬೇಕು.

1956ರ ನವೆಂಬರ್ 1ರವರೆಗೆ ನಮ್ಮದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಆ ದಿನ ಕೇರಳಕ್ಕೆ ಸೇರಿತು. 1984ರಲ್ಲಿ ಕಣ್ಣೂರಿನಿಂದ ಬೇರೆಯಾಗಿ ಕಾಸರಗೋಡು ಜಿಲ್ಲೆ ಆಯಿತು. ಇಷ್ಟು ಸಾಕು. ಈಗ ಬದಿಯಡ್ಕದ ಕಡೆಯ ಒಂದು ಮಗುವನ್ನು ನೋಡಿ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ ಕೊಂಕಣಿಯೋ. ಶಾಲೆಯಲ್ಲಿ ಪುಸ್ತಕದ ಕನ್ನಡ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ತುಳು ಮತ್ತು ಮಲಯಾಳ. ಇದನ್ನೆಲ್ಲ ಯಾರೂ ಕೂರಿಸಿ ಕಲಿಸುವುದಿಲ್ಲ, ತನ್ನಷ್ಟಕ್ಕೆ ಬರುತ್ತದೆ. ಇಂಗ್ಲಿಷ್ ಹಾಗಲ್ಲ. ಅದನ್ನು ಆಡುವ ಅಕ್ಕಪಕ್ಕದ ಮನೆ ಇಲ್ಲ, ಜಗಳ ಮಾಡಲು ಇಂಗ್ಲಿಷಿನ ಗೆಳೆಯ ಇಲ್ಲ. ಅದು ಪುಸ್ತಕದಿಂದಲೇ ಬರಬೇಕು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ ಇದೆ, ಸಿಲಬಸ್ ಕೇರಳದ್ದು. ಆಮೇಲೆ ಪ್ಲಸ್ ಟುಗೆ ಹೋದರೆ ವಿಜ್ಞಾನ, ವಾಣಿಜ್ಯ ಎಲ್ಲದರ ಪುಸ್ತಕವೂ ಇಂಗ್ಲಿಷ್. ಅಲ್ಲಿ ಅನೇಕ ಕಡೆ ವಿವರಣೆ ಮಲಯಾಳದಲ್ಲಿ. ಅಂದರೆ ಕನ್ನಡದಲ್ಲಿ ಚೆನ್ನಾಗಿ ಓದಿದ ಮಗು ಒಂದೇ ಬೇಸಿಗೆ ರಜೆಯ ನಂತರ ಎರಡು ಕಡೆಯಿಂದ ಒತ್ತಡಕ್ಕೆ ಸಿಕ್ಕಿಬೀಳುತ್ತದೆ. ಹಾಗಾಗಿ ಇಲ್ಲಿ ಇಂಗ್ಲಿಷ್ ವ್ಯಾಕರಣ ಅನ್ನುವುದು ಬರೀ ಮಾರ್ಕಿನ ವಿಷಯ ಅಲ್ಲ.

ನಾನು ಸಂಜೆ ಹೊತ್ತು ನಮ್ಮ ಚಾವಡಿಯಲ್ಲಿ ಸುತ್ತಮುತ್ತಲಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊದಲು ನೋಡುವುದು ಮನೆಯ ಭಾಷೆ ಯಾವುದು ಅಂತ. ಅದು ಗೊತ್ತಾದರೆ ಆ ಮಗು ಎಲ್ಲಿ ಎಡವುತ್ತದೆ ಅನ್ನುವುದು ಹೆಚ್ಚುಕಮ್ಮಿ ಮೊದಲೇ ಗೊತ್ತಾಗುತ್ತದೆ.

ಸುಲಭದ್ದನ್ನು ಮೊದಲು ಹೇಳುತ್ತೇನೆ. ಕನ್ನಡದಲ್ಲಿ ಹೋದೆ, ಹೋದನು, ಹೋದಳು, ಹೋದರು ಎಂದು ಆಳಿಗೊಂದು ಬಾಲ ಬದಲಾಗುತ್ತದೆ. ಬರೀ ಕನ್ನಡ ಗೊತ್ತಿರುವ ಮಗು ಇಂಗ್ಲಿಷಿನಲ್ಲಿ 'ಐ ವೆಂಟ್, ಹಿ ವೆಂಟ್, ದೇ ವೆಂಟ್' ಎಂದು ಎಲ್ಲರಿಗೂ ಒಂದೇ ರೂಪ ಕಂಡರೆ ಏನೋ ಬಿಟ್ಟುಹೋಗಿದೆ ಅಂದುಕೊಳ್ಳುತ್ತದೆ. ಮಲಯಾಳ ಕಿವಿಗೆ ಬಿದ್ದ ನಮ್ಮ ಮಕ್ಕಳಿಗೆ ಆ ಗೊಂದಲ ಇಲ್ಲ. ಞಾನ್ ಪೋಯಿ, ಅವನ್ ಪೋಯಿ, ಅವಳ್ ಪೋಯಿ. ಅಲ್ಲಿಯೂ ಎಲ್ಲರಿಗೂ ಒಂದೇ. "ಇಂಗ್ಲಿಷಿನ ಪಾಸ್ಟ್ ಟೆನ್ಸ್ ಮಲಯಾಳದ ಹಾಗೆ" ಎಂದರೆ ಸಾಕು, ಆ ಪಾಠ ಮುಗಿಯಿತು. ಆದರೆ 'ಹಿ ಗೋಸ್' ಎಂಬಲ್ಲಿ ಬರುವ ಆ ಒಂದು 'ಎಸ್' ಇದೆಯಲ್ಲ, ಅದನ್ನು ಮಾತ್ರ ತುಂಬ ದಿನ ಬಿಡದೆ ಹೇಳಬೇಕಾಗುತ್ತದೆ.

ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ಮಕ್ಕಳು ಹೆದರುತ್ತಾರೆ. ಹೆದರುವುದು ಆ ಹೆಸರಿಗೆ, ಅಷ್ಟೇ. ಕನ್ನಡದಲ್ಲಿ 'ನೋಡಿದೆ' ಬೇರೆ, 'ನೋಡಿದ್ದೇನೆ' ಬೇರೆ. ತುಳುವಿನಲ್ಲಿ 'ತೂಯೆ' ಬೇರೆ, 'ತೂತೆ' ಬೇರೆ. ಮಲಯಾಳದಲ್ಲಿ 'ಕಂಡು', 'ಕಂಡಿಟ್ಟುಂಡ್'. ಇಂಗ್ಲಿಷಿನಲ್ಲಿ 'ಐ ಸಾ', 'ಐ ಹ್ಯಾವ್ ಸೀನ್'. ಪೂರ್ತಿ ಒಂದೇ ಅಲ್ಲ, ಆದರೆ ಹತ್ತಿರ ಹತ್ತಿರ ಬರುತ್ತದೆ. ತುಳು ಮಾತಾಡುವ ಮಗು ಶಾಲೆಗೆ ಹೋಗುವ ಮೊದಲೇ ಈ ವ್ಯತ್ಯಾಸವನ್ನು ತಪ್ಪಿಲ್ಲದೆ ಆಡುತ್ತಿರುತ್ತದೆ. ಒಂದು ಎಚ್ಚರಿಕೆ ಹೇಳಿಕೊಡಬೇಕು: 'ನಿನ್ನೆ ನೋಡಿದ್ದೇನೆ' ಎಂದು ನಾವು ಧಾರಾಳವಾಗಿ ಹೇಳುತ್ತೇವೆ, ಇಂಗ್ಲಿಷಿನಲ್ಲಿ 'ಯೆಸ್ಟರ್ಡೇ' ಬಂದರೆ 'ಐ ಸಾ' ಮಾತ್ರ.

ಇನ್ನು ಕಷ್ಟದ್ದು. ನಮ್ಮ ಇಷ್ಟೂ ಭಾಷೆಗಳು ಒಟ್ಟಿಗೆ ಸೇರಿ ಮಗುವನ್ನು ತಪ್ಪು ಕಡೆಗೆ ಎಳೆಯುವ ಜಾಗ ಒಂದುಂಟು. ಕನ್ನಡದ 'ನನಗೆ', ಹವ್ಯಕರ 'ಎನಗೆ', ತುಳುವಿನ 'ಎಂಕ್', ಮಲಯಾಳದ 'ಎನಿಕ್ಕ್', ಕೊಂಕಣಿಯ 'ಮಾಕಾ'. ಹಸಿವು, ಜ್ವರ, ಸಿಟ್ಟು, ಬೇಕು, ಬೇಡ, ಗೊತ್ತು, ಇಷ್ಟ, ಎಲ್ಲವೂ ನಮ್ಮಲ್ಲಿ 'ನನಗೆ' ಆಗುವಂಥವು. ಇಂಗ್ಲಿಷಿನಲ್ಲಿ ಇವೆಲ್ಲದಕ್ಕೂ 'ಐ' ಬರಬೇಕು. ಏಳನೇ ಕ್ಲಾಸಿನ ಒಬ್ಬ ಹುಡುಗಿ ರಜೆ ಚೀಟಿ ಬರೆದು ತಂದಿದ್ದಳು. 'ಟು ಮಿ ಫೀವರ್ ಈಸ್ ದೇರ್' ಎಂದು ಇತ್ತು. ಸ್ಪೆಲಿಂಗ್ ಎಲ್ಲ ಸರಿ, ಅಕ್ಷರ ಮುತ್ತಿನ ಹಾಗೆ. ಅವಳು ಒಂದೊಂದು ಪದವನ್ನೂ ಯೋಚಿಸಿಯೇ ಇಟ್ಟಿದ್ದಳು. ಶಾಲೆಯಲ್ಲಿ ಅದರ ಮೇಲೆ ಕೆಂಪು ಗೀಟು ಎಳೆದು ವಾಪಸ್ ಕೊಟ್ಟಿದ್ದರು, ಯಾಕೆ ತಪ್ಪು ಅಂತ ಹೇಳಿರಲಿಲ್ಲ.

ನಾನು ಅವಳ ಹತ್ತಿರ ನೋಟ್ ಪುಸ್ತಕದ ಹಾಳೆಗೆ ಉದ್ದುದ್ದ ಗೆರೆ ಹಾಕಿಸಿದೆ. ಎಡಗಡೆ ಅವಳ ಮನೆಯ ತುಳು, ನಡುವೆ ಕನ್ನಡ, ಬಲಗಡೆ ಇಂಗ್ಲಿಷ್. ಎಂಕ್ ಜರ ಉಂಡು, ನನಗೆ ಜ್ವರ ಇದೆ, ಐ ಹ್ಯಾವ್ ಅ ಫೀವರ್. ಎಂಕ್ ಗೊತ್ತುಂಡು, ನನಗೆ ಗೊತ್ತಿದೆ, ಐ ನೋ. ಎಂಕ್ ನೀರ್ ಬೋಡು, ನನಗೆ ನೀರು ಬೇಕು, ಐ ವಾಂಟ್ ವಾಟರ್. ನಾಲ್ಕೈದು ಸಾಲು ಆಗುವಷ್ಟರಲ್ಲಿ ಅವಳೇ "ಇಂಗ್ಲಿಷಿನಲ್ಲಿ ಎಲ್ಲ ನಾನೇ ಮಾಡುವುದಾ ಅಕ್ಕ?" ಎಂದು ಕೇಳಿದಳು. ಇದಕ್ಕಿಂತ ಚೆನ್ನಾಗಿ ನಿಯಮ ಹೇಳಲು ನನಗೆ ಬರುವುದಿಲ್ಲ. ಆಮೇಲೆ 'ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್' ಎನ್ನುವುದನ್ನು 'ಐ ಹ್ಯಾವ್ ಟು ಬ್ರದರ್ಸ್' ಎಂದು ತಿದ್ದಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

ದಿನದ ಮಾತಿನಲ್ಲಿ ಇನ್ನೊಂದು ತೊಂದರೆ ಮರ್ಯಾದೆಯದ್ದು. ಟೀಚರಿಗೆ 'ಯು' ಎನ್ನಲು ನಮ್ಮ ಮಕ್ಕಳಿಗೆ ಮುಜುಗರ. ಕನ್ನಡದಲ್ಲಿ 'ನೀವು', ತುಳುವಿನಲ್ಲಿ 'ಈರ್' ಎಂದು ಹೇಳಿ ಅಭ್ಯಾಸ. ಹಾಗಾಗಿ ಸುಮ್ನೆ ಬಾಯಿ ಮುಚ್ಚಿ ಕೂರುತ್ತಾರೆ, ಇಲ್ಲದಿದ್ದರೆ 'ಗಿವ್ ಪೆನ್' ಎಂದು ಬಿಡುತ್ತಾರೆ, ಅದು ಒರಟಾಗಿ ಕೇಳಿಸುತ್ತದೆ. 'ಕೊಡಿ' ಎನ್ನುವಾಗ ಆ 'ಇ'ಯಲ್ಲಿ ಇರುವ ಮರ್ಯಾದೆ ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಬರುತ್ತದೆ: 'ಕುಡ್ ಯು', 'ಮೇ ಐ'. ಇದನ್ನು ಬಿಡಿಸಿ ಹೇಳಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ. ಹಾಗೆಯೇ "ಊಟ ಆಗಿಲ್ವಾ?" ಎಂದರೆ ನಾವು "ಹೌದು, ಆಗಿಲ್ಲ" ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆಗದಿದ್ದರೆ 'ನೋ' ಎಂದೇ ಶುರು ಮಾಡಬೇಕು. ಪ್ಲಸ್ ಟುಗೆ ಹೋದವರೂ ಫೋನಿನಲ್ಲಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

'ಎ' ಮತ್ತು 'ದ' ಬಗ್ಗೆ ನಾನು ಜಾಸ್ತಿ ತಲೆ ತಿನ್ನುವುದಿಲ್ಲ. ನಮ್ಮ ಭಾಷೆಗಳಲ್ಲಿ ಅಂಥದ್ದು ಇಲ್ಲ. ಓದುತ್ತಾ ಓದುತ್ತಾ ಬರುತ್ತದೆ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯುವ ವಿಷಯ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕುವುದು ಇಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಊರವರು, ಪೋಷಕರು ಪ್ರತಿಭಟನೆ ಮಾಡಿದ್ದಾರೆ, ಕೋರ್ಟಿಗೂ ಹೋಗಿದ್ದಾರೆ. ನಮ್ಮ ಚಾವಡಿಗೆ ಬರುವ ಮಕ್ಕಳ ಒಂದು ಶಾಲೆಯಲ್ಲೂ ಹೀಗೇ ಆಯಿತು. ಹೊರಗಿನವರು "ಇಂಗ್ಲಿಷ್ ಪಾಠಕ್ಕೆ ಕನ್ನಡ ಯಾಕೆ ಬೇಕು, ಇಂಗ್ಲಿಷಿನಲ್ಲೇ ಕಲಿಸಲಿ" ಎನ್ನುತ್ತಾರೆ. ಆದರೆ ಕ್ಲಾಸಿನಲ್ಲಿ ನಡೆಯುವುದು ಬೇರೆ. ಕಷ್ಟದ ಜಾಗ ಬಂದ ಕೂಡಲೇ ಅಧ್ಯಾಪಕರು ತಮಗೆ ಬರುವ ಭಾಷೆಗೆ ಹೋಗುತ್ತಾರೆ. ಅದು ಮಲಯಾಳ. ಆಟದ ಬಯಲಿನ ಮಲಯಾಳ ಗೊತ್ತಿರುವ ಮಗುವಿಗೆ ವ್ಯಾಕರಣ ವಿವರಿಸುವ ಮಲಯಾಳ ಗೊತ್ತಿರುವುದಿಲ್ಲ. ಆ ಅಧ್ಯಾಪಕರು ಕೆಟ್ಟವರಲ್ಲ, ಕೆಲವರು ತುಂಬ ಕಷ್ಟಪಟ್ಟು ಕನ್ನಡ ಅಕ್ಷರ ಕಲಿತದ್ದೂ ಉಂಟು. ಆದರೆ 'ಟು ಮಿ ಫೀವರ್ ಈಸ್ ದೇರ್' ಎಂದು ಮಗು ಬರೆದಾಗ ಅದು ಎಲ್ಲಿಂದ ಬಂತು ಅಂತ ಗುರುತಿಸಲು ಮಗುವಿನ ಭಾಷೆ ಗೊತ್ತಿರಬೇಕು. ಗೊತ್ತಿಲ್ಲದವರ ಕೈಯಲ್ಲಿ ಕೆಂಪು ಗೀಟು ಮಾತ್ರ ಉಳಿಯುತ್ತದೆ. ಮಕ್ಕಳು "ನಮಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ" ಎಂದು ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಆ ಮಾತು ಕೇಳಿದರೆ ಸಂಕಟವಾಗುತ್ತದೆ.

ನಿಮ್ಮ ಅಕ್ಕನಿಗೆ ಇಲ್ಲಿಗೆ ವರ್ಗ ಆಗಿದೆ, ಮಗಳನ್ನು ಐದನೇ ಕ್ಲಾಸಿಗೆ ಸೇರಿಸಬೇಕು ಎಂದಿದ್ದೀರಿ. ಕನ್ನಡ ಮಾಧ್ಯಮಕ್ಕೇ ಹಾಕಿ, ಹೆದರಬೇಡಿ. ಸೇರಿಸುವ ಮೊದಲು ಹೆಡ್ ಮಾಸ್ಟರ ಹತ್ತಿರ ಒಂದೇ ಒಂದು ಕೇಳಿ: ಇಂಗ್ಲಿಷ್ ತೆಗೆದುಕೊಳ್ಳುವವರಿಗೆ ಕನ್ನಡ ಬರುತ್ತದಾ? ಬರುವುದಿಲ್ಲ ಎಂದರೆ ಪಕ್ಕದ ಶಾಲೆಯಲ್ಲಿ ವಿಚಾರಿಸಿ, ಅಥವಾ ಗೆರೆ ಹಾಕಿ ಭಾಷೆಗಳನ್ನು ಅಕ್ಕಪಕ್ಕ ಬರೆಯುವ ಆ ಪುಸ್ತಕವನ್ನು ಮನೆಯಲ್ಲಿ ಅಕ್ಕನೇ ಶುರು ಮಾಡಲಿ. ಮಲಯಾಳದ ಚಿಂತೆ ಬೇಡ, ಅದನ್ನು ಓಣಂ ರಜೆಯ ಒಳಗೆ ಜೊತೆಯ ಮಕ್ಕಳೇ ಕಲಿಸಿಬಿಡುತ್ತಾರೆ.