ವೈರಸ್ ಕಾಣಲಿಲ್ಲ ಅಂದರೆ ಹೋಯಿತು ಅಂತಲ್ಲ

ಎಚ್‌ಐವಿ ಬಗ್ಗೆ ಈಚೆಗೆ ಬರುವ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಕೇಳುವುದು ಒಂದೇ ವಿಷಯ. ಆದ್ದರಿಂದ ಈ ಸಲದ ಜಾಗವೆಲ್ಲ ಹೆಚ್ಚು ಕಡಿಮೆ ಅದಕ್ಕೇ. ಉಳಿದವರಿಗೆ ಒಂದೆರಡು ಸಾಲಿನ ಉತ್ತರ ಸಾಕು.

ಪ್ರಶ್ನೆ: ಆರು ವರ್ಷದಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಗೊಳ್ತಿದ್ದೇನೆ. ರಿಪೋರ್ಟ್‌ನಲ್ಲಿ ವೈರಸ್ ಕಾಣುತ್ತಿಲ್ಲ. ಅಡಗಿದ ವೈರಸ್ಸನ್ನು ಎಬ್ಬಿಸಿ ಕೊಲ್ಲುವ ಔಷಧಿ ಮೆಲ್ಬರ್ನ್‌ನಲ್ಲಿ ಸಿಕ್ಕಿದೆ ಅಂತ ವಿಡಿಯೋ ಬಂತು. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯೂ ಅದೇ ಕೆಲಸ ಮಾಡುತ್ತದಂತೆ. ಅದನ್ನು ಒಂದು ತಿಂಗಳು ತಗೊಂಡು, ಎಆರ್‌ಟಿ ನಿಲ್ಲಿಸಿ ನೋಡಬಹುದಾ?

ಬೇಡ. ಎರಡೂ ಬೇಡ. ಇಷ್ಟರಲ್ಲೇ ನಿಲ್ಲಿಸಿಬಿಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಎಆರ್‌ಟಿ ಸೆಂಟರ್‌ಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೈತಾರೆ ಅಂತ ಹೆದರಬೇಡಿ.

ವೈರಲ್ ಲೋಡ್ ಟೆಸ್ಟ್ ಹುಡುಕುವುದು ರಕ್ತದಲ್ಲಿ ತೇಲುವ ವೈರಸ್ಸನ್ನು ಮಾತ್ರ. ಮಾತ್ರೆಯ ಕೆಲಸ ಹೊಸ ಕಣಗಳಿಗೆ ವೈರಸ್ ಹಬ್ಬದಂತೆ ತಡೆಯುವುದು. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲೇ ವೈರಸ್ ಸಿಡಿ4 ಎಂಬ ಕೆಲವು ಬಿಳಿ ರಕ್ತಕಣಗಳ ಡಿಎನ್‌ಎ ಒಳಗೆ ತಾನೇ ಸೇರಿಕೊಂಡಿರುತ್ತದೆ. ಇವುಗಳಲ್ಲಿ ಕೆಲವು ಹಳೆಯ ಸೋಂಕುಗಳ ನೆನಪು ಇಟ್ಟುಕೊಳ್ಳುವ ಕಣಗಳು. ಅವು ಸುಮ್ಮನೆ ವಿಶ್ರಾಂತಿಯಲ್ಲಿ ವರ್ಷಗಟ್ಟಲೆ ಇರುತ್ತವೆ. ಒಳಗಿನ ವೈರಸ್ಸೂ ಆಗ ಏನನ್ನೂ ತಯಾರಿಸುವುದಿಲ್ಲ. ಹಾಗಾಗಿ ಅದು ಮಾತ್ರೆಗೂ ಸಿಗುವುದಿಲ್ಲ, ದೇಹದ ಕಾವಲಿಗೂ ಕಾಣುವುದಿಲ್ಲ. ವಿಶ್ರಾಂತಿಯಲ್ಲಿರುವ ಹತ್ತು ಲಕ್ಷ ಕಣಗಳಲ್ಲಿ ಇಂಥದ್ದು ಸುಮಾರು ಒಂದು. ಇದು 1997ರಲ್ಲೇ ಗೊತ್ತಾಗಿತ್ತು. ಈ ದಾಸ್ತಾನು ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು ಎಂದು ಆಮೇಲೆ ತಿಳಿಯಿತು. ಬರೀ ಮಾತ್ರೆಯಿಂದಲೇ ಪೂರ್ತಿ ಖಾಲಿಯಾಗಲಿ ಅಂದರೆ 70 ವರ್ಷಕ್ಕೂ ಜಾಸ್ತಿ ಕಾಯಬೇಕು. ನಿಮ್ಮ ಆರು ವರ್ಷ ಎಲ್ಲಿಗೆ ಸಾಲುತ್ತದೆ?

ಹೊಲ ಮಾಡುವವರಿಗೆ ಮುಂದಿನದು ಬೇಗ ಹಿಡಿಸುತ್ತದೆ. ಮಣ್ಣಿನಲ್ಲಿರುವ ಕಳೆ ಬೀಜ ಕಣ್ಣಿಗೆ ಕಾಣುವುದಿಲ್ಲ. ಅದು ಮೊದಲ ಮಳೆಗೆ ಮೊಳೆಯಲಿ ಎಂದು ಬಿಟ್ಟು, ಕುಂಟೆ ಹೊಡೆದು, ಆಮೇಲೆ ಬಿತ್ತುತ್ತಾರೆ. ‘ಎಬ್ಬಿಸಿ ಕೊಲ್ಲುವ’ ಸಂಶೋಧನೆಯ ಲೆಕ್ಕಾಚಾರವೂ ಇದೇ. ಎಬ್ಬಿಸುವುದು ಸ್ವಲ್ಪ ಮಟ್ಟಿಗೆ ಕೈಗೂಡಿದೆ. ಕೊಲ್ಲುವುದು ಆಗಿಲ್ಲ.

2012ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡೇವಿಡ್ ಮಾರ್ಗೊಲಿಸ್ ಅವರ ತಂಡ ಎಂಟು ಜನರಿಗೆ ವೊರಿನೊಸ್ಟಾಟ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟಿತು. ವಿಶ್ರಾಂತಿಯಲ್ಲಿದ್ದ ಕಣಗಳಲ್ಲಿ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದು ಎಚ್ಚರವಾಗಿದ್ದರ ಗುರುತು, ಸರಾಸರಿ ಐದು ಪಟ್ಟಿನ ಹತ್ತಿರ ಏರಿತು. ಮಲಗಿದ ವೈರಸ್ಸನ್ನು ಮನುಷ್ಯರಲ್ಲಿ ಅಲುಗಾಡಿಸಬಹುದು ಎಂದು ಅದು ತೋರಿಸಿತು, ದೊಡ್ಡ ಸಾಧನೆಯೇ. ಆದರೆ ದಾಸ್ತಾನು ಇಳಿಯಲಿಲ್ಲ. ಎಚ್ಚರವಾದ ಕಣ ತಾನಾಗಿ ಸಾಯುತ್ತದೆ ಎಂಬ ನಿರೀಕ್ಷೆ ಸುಳ್ಳಾಯಿತು. ಸರಿ, ಕೊಲ್ಲುವ ಪಡೆಯನ್ನೂ ತಯಾರು ಮಾಡೋಣ ಎಂದು ಬ್ರಿಟನ್ನಿನಲ್ಲಿ 60 ಜನರ ಮೇಲೆ ‘ರಿವರ್’ ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಎಆರ್‌ಟಿ ಮಾತ್ರ. ಉಳಿದವರಿಗೆ ಅದರ ಜೊತೆಗೆ ಲಸಿಕೆ, ವೊರಿನೊಸ್ಟಾಟ್ ಎರಡೂ. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ದಾಸ್ತಾನಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ.

ಈಗ ನಿಮ್ಮ ಡೈಸಲ್ಫಿರಾಮ್. ಕುಡಿತ ಬಿಡಿಸಲು ಸಾಮಾನ್ಯವಾಗಿ ಕೊಡುವುದು ದಿನಕ್ಕೆ 250 ಮಿಲಿಗ್ರಾಂ. ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ದಿನಕ್ಕೆ 2000 ಮಿಲಿಗ್ರಾಂ ಕೊಟ್ಟು, ಜೊತೆಗೆ ವೊರಿನೊಸ್ಟಾಟ್ ಸೇರಿಸಿದರು. ಇಬ್ಬರಿಗೆ ಮಿದುಳು, ನರಗಳ ತೊಂದರೆ ಶುರುವಾಯಿತು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ದಿನಾ ಡಾಕ್ಟರ ಕಣ್ಗಾವಲಿನಲ್ಲಿ ನಡೆದದ್ದೇ ಹೀಗಾದರೆ, ಅಂಗಡಿಯಿಂದ ಸ್ಟ್ರಿಪ್ ತಂದು ಮನೆಯಲ್ಲಿ ನುಂಗುವವರ ಗತಿ ಏನು? ಈ ಸಲಹೆಯನ್ನು ವಿಡಿಯೋದಲ್ಲಿ ಹೇಳಿದವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಮೆಲ್ಬರ್ನ್ ಸುದ್ದಿ ಸುಳ್ಳಲ್ಲ, ಅರ್ಧ ಹೇಳಿದ್ದಾರೆ ಅಷ್ಟೆ. ಅಲ್ಲಿನ ಡೊಹರ್ಟಿ ಇನ್‌ಸ್ಟಿಟ್ಯೂಟ್‌ನವರು ಕೋವಿಡ್ ಲಸಿಕೆಯಲ್ಲಿದ್ದಂಥ ಎಂಆರ್‌ಎನ್‌ಎಯನ್ನು ಹೊಸ ರೀತಿಯ ಕೊಬ್ಬಿನ ಕಣದಲ್ಲಿಟ್ಟು, ವಿಶ್ರಾಂತಿಯಲ್ಲಿರುವ ಬಿಳಿ ರಕ್ತಕಣದೊಳಗೆ ಕಳಿಸಿದರು. ವೈರಸ್ ಎಚ್ಚರವಾಯಿತು. ಇಂಥ ಕಣಗಳಿಗೆ ಏನನ್ನಾದರೂ ಹೀಗೆ ತಲುಪಿಸುವುದು ಬಹಳ ಕಷ್ಟ. 2025ರಲ್ಲಿ ಅದು ಪ್ರಕಟವಾದಾಗ ನನಗೂ ಖುಷಿಯಾಯಿತು. ಆದರೆ ಆ ಕೆಲಸ ನಡೆದದ್ದು ಸೋಂಕಿತರು ದಾನ ಕೊಟ್ಟ ರಕ್ತದ ಕಣಗಳಲ್ಲಿ, ಲ್ಯಾಬಿನೊಳಗೆ. ಯಾವ ರೋಗಿಗೂ ಕೊಟ್ಟಿರಲಿಲ್ಲ.

ನಿಲ್ಲಿಸಿದರೆ ಏನಾಗುತ್ತದೆ ಅಂತ ಕೇಳುತ್ತೀರಿ ಅಲ್ವಾ? ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ವಾಪಸ್. ಅಮೆರಿಕದ ಮಿಸಿಸಿಪ್ಪಿಯಲ್ಲಿ ಒಂದು ಮಗುವಿಗೆ ಹುಟ್ಟಿದ 30 ಗಂಟೆಯಲ್ಲೇ ಚಿಕಿತ್ಸೆ ಶುರು ಮಾಡಿದ್ದರು. ಒಂದೂವರೆ ವರ್ಷದ ಹೊತ್ತಿಗೆ ಚಿಕಿತ್ಸೆ ನಿಂತಿತು. ಆಮೇಲೆ 27 ತಿಂಗಳು ವೈರಸ್ ಕಾಣಲೇ ಇಲ್ಲ. ಮಗು ವಾಸಿಯಾಯಿತು ಎಂದು ಜಗತ್ತೆಲ್ಲ ಸುದ್ದಿಯಾಯಿತು. 2014ರಲ್ಲಿ ವೈರಸ್ ಮತ್ತೆ ಬಂತು. ಇನ್ನು ಬಿಟ್ಟು ಬಿಟ್ಟು ಮಾತ್ರೆ ತಗೊಂಡರೆ ಸಾಕಾ ಎಂಬುದನ್ನು 5,400ಕ್ಕೂ ಹೆಚ್ಚು ಜನರಲ್ಲಿ ‘ಸ್ಮಾರ್ಟ್’ ಅಧ್ಯಯನ ಪರೀಕ್ಷಿಸಿತ್ತು. ಮಾತ್ರೆ ಬಿಟ್ಟವರಲ್ಲಿ ಕಾಯಿಲೆ, ಸಾವು ಜಾಸ್ತಿಯಾದವು. ಅವಧಿಗೆ ಮೊದಲೇ 2006ರಲ್ಲಿ ಆ ಪ್ರಯೋಗವನ್ನು ತಡೆಯಬೇಕಾಯಿತು.

ಇನ್ನೊಂದು ಮಾತು. ಪಶ್ಚಿಮದ ಪ್ರಯೋಗಗಳಲ್ಲಿ ಬಹುಪಾಲು ಅಲ್ಲಿ ಹೆಚ್ಚಿರುವ ‘ಬಿ’ ಬಗೆಯ ವೈರಸ್ ಮೇಲೆ ನಡೆದಿವೆ. ನಮ್ಮಲ್ಲಿ ಹೆಚ್ಚಿರುವುದು ‘ಸಿ’. ವೈರಸ್ ಏಳುವುದನ್ನು, ಮಲಗುವುದನ್ನು ನಿಯಂತ್ರಿಸುವ ಅದರ ಭಾಗವೇ ಸ್ವಲ್ಪ ಬೇರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಇದನ್ನೇ ವರ್ಷಗಳಿಂದ ಬಿಡಿಸಿ ನೋಡುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಅವರ ತಂಡ ಹಿಡಿದ ದಾರಿ ಉಲ್ಟಾ. ಹೈಡ್ರೋಜನ್ ಸಲ್ಫೈಡ್ ಅನಿಲ ವೈರಸ್ಸನ್ನು ಮಲಗಿಸಿಯೇ ಇಡಲು ನೆರವಾಗುತ್ತದೆ ಎಂದು 2021ರಲ್ಲಿ ಅವರು ತೋರಿಸಿದರು. ಅದೂ ಲ್ಯಾಬಿನ ಕಣಗಳಲ್ಲೇ. ದಯವಿಟ್ಟು ಯಾರೂ ಆ ಅನಿಲ ಹುಡುಕಿಕೊಂಡು ಹೋಗಬೇಡಿ, ಅದು ವಿಷ.

ಪ್ರಶ್ನೆ: ಅಸ್ಥಿಮಜ್ಜೆ ಕಸಿಯಿಂದ ಬರ್ಲಿನ್‌ನಲ್ಲಿ ಒಬ್ಬರಿಗೆ ವಾಸಿಯಾಯಿತಲ್ಲ, ಹಣ ಹೊಂದಿಸಿದರೆ ನನಗೂ ಮಾಡುತ್ತಾರಾ?

ಇಲ್ಲ. ತಿಮತಿ ರೇ ಬ್ರೌನ್ ಅವರಿಗೆ ರಕ್ತದ ಕ್ಯಾನ್ಸರ್ ಇದ್ದದ್ದಕ್ಕೆ ಕಸಿ ಮಾಡಿದ್ದು. ಕಸಿಯಲ್ಲೇ ಜನ ಸಾಯುತ್ತಾರೆ. ದಿನಕ್ಕೊಂದು ಮಾತ್ರೆಯಲ್ಲಿ ಚೆನ್ನಾಗಿರುವವರಿಗೆ ಯಾವ ಒಳ್ಳೆ ಡಾಕ್ಟರೂ ಅದನ್ನು ಮಾಡುವುದಿಲ್ಲ.

ಪ್ರಶ್ನೆ: ಒಬ್ಬರು 90 ದಿನದ ಮೂಲಿಕೆ ಔಷಧಿ ಕೊಡುತ್ತಾರೆ. ವಾಸಿಯಾದವರ ಲ್ಯಾಬ್ ರಿಪೋರ್ಟನ್ನೂ ತೋರಿಸಿದರು.

ಆ ರಿಪೋರ್ಟಿನ ಗುಟ್ಟು ಹೇಳುತ್ತೇನೆ. ಅದು ವೈರಲ್ ಲೋಡ್ ರಿಪೋರ್ಟ್. ಎಆರ್‌ಟಿ ತಗೊಳ್ಳುವ ಯಾರ ಕೈಯಲ್ಲಾದರೂ ಅಂಥದ್ದೇ ಇರುತ್ತದೆ. 2004ರಿಂದ ಸರ್ಕಾರ ಪುಕ್ಕಟೆ ಕೊಡುವ ಮಾತ್ರೆಯ ಫಲವನ್ನು ತನ್ನ ಕಷಾಯದ್ದು ಅಂತ ಮಾರುವುದು ಮೋಸ. ನಂಬಿ ಮಾತ್ರೆ ಬಿಟ್ಟವರು ಟಿಬಿ ಹತ್ತಿಸಿಕೊಂಡು, ಕಡ್ಡಿಯಾಗಿ ವಾಪಸ್ ಬರುವುದನ್ನು ನೋಡಿದ್ದೇನೆ. ದುಡ್ಡು ಕೊಡಬೇಡಿ.

ಪ್ರಶ್ನೆ: ಸೊಳ್ಳೆ ಕಚ್ಚಿದರೆ?

ಬರಲ್ಲ.

ಪ್ರಶ್ನೆ: ನನಗೆ ವೈರಸ್ ಕಾಣುತ್ತಿಲ್ಲ, ಗಂಡನಿಗೆ ಸೋಂಕಿಲ್ಲ. ಮಗು ಮಾಡಿಕೊಳ್ಳಬಹುದಾ?

ಖಂಡಿತ. ಮಾತ್ರೆ ತಪ್ಪದೆ, ವೈರಲ್ ಲೋಡ್ ಕಾಣದಂತೆ ಇದ್ದರೆ ಲೈಂಗಿಕ ಸಂಪರ್ಕದಿಂದ ಗಂಡನಿಗೆ ಹರಡುವುದಿಲ್ಲ. ಬಸುರಿಯಾಗುವ ಮೊದಲೇ ಸೆಂಟರ್‌ನಲ್ಲಿ ಹೇಳಿ. ಐರನ್, ಕ್ಯಾಲ್ಸಿಯಂ ಮಾತ್ರೆ ಶುರುವಾದರೆ ಡೊಲುಟೆಗ್ರಾವಿರ್ ಇರುವ ಎಆರ್‌ಟಿ ಮಾತ್ರೆಯನ್ನು ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಕೇಳಿಕೊಳ್ಳಿ, ಹೊಂದಾಣಿಕೆ ಇಲ್ಲದಿದ್ದರೆ ಅದು ಮೈಗೆ ಹತ್ತುವುದಿಲ್ಲ. ಹುಟ್ಟಿದ ಮಗುವಿಗೆ ಸೋಂಕು ತಗುಲದಂತೆ ಕೆಲವು ವಾರ ಸಿರಪ್ ಕೊಡುತ್ತಾರೆ, ಅದನ್ನೂ ತಪ್ಪಿಸಬೇಡಿ.