ಬರ್ನ್ ಡೆಕ್‌ನಲ್ಲಿ ಬೋಲ್ಟ್ ಯಾರಿಗೆ ಹೊಡೆಯಬೇಕು?

ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ಪಾಪರ್ (ಕಾಮನ್ ಕಾರ್ಡ್‌ಗಳಷ್ಟೇ ಸಲ್ಲುವ ವಿಧ) ಆಡಿದ್ದರ ಬಗ್ಗೆ ನೀವು ಹಾಕಿದ್ದನ್ನು ಓದಿದೆ. ನಿಮ್ಮದು ಕೆಂಪು ಬರ್ನ್ (ಸ್ಪೆಲ್‌ಗಳಿಂದ ನೇರ ಡ್ಯಾಮೇಜ್ ಕೊಡುವ ಡೆಕ್), ಎದುರಿಗೆ ನೀಲಿ ಫೇರೀಸ್ (ಫೇರಿ ಕ್ರೀಚರ್‌ಗಳ ಡೆಕ್). ಅವರು 5 ಲೈಫ್‌ನಲ್ಲಿ ಉಳಿದರು, ನಿಮ್ಮ ಕೈ ಖಾಲಿಯಾಯಿತು, ಸೋತಿರಿ. ಈಗ ಇನ್ನೆರಡು ಲ್ಯಾಂಡ್ (ಮಾನಾ, ಅಂದರೆ ಸ್ಪೆಲ್ ಹಾಕುವ ಶಕ್ತಿ ಕೊಡುವ ಕಾರ್ಡ್) ಸೇರಿಸಲಾ ಅಂತ ಕೇಳುತ್ತಿದ್ದೀರಿ. ಲ್ಯಾಂಡ್ ವಿಷಯ ಬಿಡಿ. ಮೂರು ಲೈಟ್ನಿಂಗ್ ಬೋಲ್ಟ್ (3 ಡ್ಯಾಮೇಜ್ ಕೊಡುವ ಸ್ಪೆಲ್) ಅವರ ಕ್ರೀಚರ್‌ಗಳ ಮೇಲೆ ಹೋಯಿತು ಅಂತ ನೀವೇ ಬರೆದಿದ್ದೀರಿ. ಅದರಲ್ಲಿ ಎರಡು ನೇರ ಅವರಿಗೇ ಬಿದ್ದಿದ್ದರೆ ಆಟ ನಿಮ್ಮದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಸುಡುವ ಈ ಚಾಳಿ ನನಗೂ ಇತ್ತು. ಅದಕ್ಕೇ ಸುಮ್ನೆ ಇರಲಾಗಲಿಲ್ಲ.

ಲೆಕ್ಕ ನೋಡಿ. 20 ಲೈಫ್, ಕಾರ್ಡಿಗೆ 3ರಂತೆ ಏಳು ಕಾರ್ಡ್ ಬೇಕು. ಮೊದಲು ಆಡುವವರ ಕೈಗೆ ನಾಲ್ಕನೇ ಟರ್ನ್ ಹೊತ್ತಿಗೆ ಬರುವುದು ಒಟ್ಟು 10 ಕಾರ್ಡ್. ಮೂರು ಲ್ಯಾಂಡ್ ಕಳೆದರೆ ಸರಿಯಾಗಿ ಏಳು. ಎಲ್ಲೂ ಸಡಿಲವಿಲ್ಲ, ಅಲ್ವಾ? ಒಂದು ಬೋಲ್ಟ್ ಕ್ರೀಚರ್‌ಗೆ ಹೋದರೆ ಒಂದು ಟರ್ನ್ ಹೋಯಿತು.

ನಾನು ಲೈಫ್ ಬರೆಯುವ ಚೀಟಿಯಲ್ಲಿ ಎದುರಾಳಿಯ ಅಂಕಿಯ ಪಕ್ಕ ಇನ್ನೊಂದು ಅಂಕಿ ಬರೆಯುತ್ತೇನೆ: ಇನ್ನೆಷ್ಟು ಕಾರ್ಡ್ ಬೇಕು. 20, 19ಕ್ಕೆ 7. 18ಕ್ಕೆ ಇಳಿದರೆ 6. 17, 16 ಆದರೂ ಅದೇ 6. 15 ಆದರೆ 5. ಅಂದರೆ ಥರ್ಮೋ ಆಲ್ಕೆಮಿಸ್ಟ್ (ಸಲಕ್ಕೆ 1 ಲೈಫ್ ಇಳಿಸುವ ಕ್ರೀಚರ್) ಶುರುವಿನಲ್ಲಿ ಎರಡು ಸಲ ಚುಚ್ಚಿದರೆ ಒಂದು ಪೂರ್ತಿ ಕಾರ್ಡ್ ಉಳಿಯಿತು. ಆದರೆ 18ರಿಂದ 17ಕ್ಕೆ ಇಳಿಸೋಕೆ ಒಂದು ಕ್ರೀಚರ್ ಕಳೆದುಕೊಂಡರೆ ಸದ್ಯಕ್ಕೆ ಲಾಭ ಸೊನ್ನೆ. ಇದಕ್ಕೆ ಪೆನ್ನು, ಕಾಗದವೇ ಬೇಕು. ಫೋನ್ ಆ್ಯಪ್‌ನಲ್ಲಿ ಬೆರಳು ತಾಗಿ ಅಂಕಿ ಬದಲಾದರೆ ಜಗಳವೇ ಜಾಸ್ತಿ.

ಹಾಗಂತ ಕಣ್ಣು ಮುಚ್ಚಿ ಹೊಡೆಯಬೇಡಿ. ಎಲ್ವ್ಸ್ ಡೆಕ್ ಎದುರು ಈ ಮಾತು ನಡೆಯಲ್ಲ. ಲಾನೋವರ್ ಎಲ್ವ್ಸ್ ಮೊದಲ ಟರ್ನ್‌ನಲ್ಲಿ ಬಂದರೆ ಸುಡಿ, ಪ್ರೀಸ್ಟ್ ಆಫ್ ಟೈಟೇನಿಯಾ ಬಂದರೂ ಸುಡಿ, ಎರಡೂ ಅವರಿಗೆ ಮಾನಾ ಕೊಡುತ್ತವೆ. ವೆಲ್‌ವಿಶರ್ ಬಂದರೆ ಯೋಚನೆಯೇ ಬೇಡ, ಟೇಬಲ್ ಮೇಲಿರುವ ಒಂದೊಂದು ಎಲ್ಫ್‌ಗೂ ಒಂದು ಲೈಫ್ ಕೊಡುತ್ತದೆ ಅದು. ನೀಲಿ ಡೆಕ್‌ನಲ್ಲಿ ತಿರುಗಿದ ಡೆಲ್ವರ್ (ಮಗುಚಿದ ಮೇಲೆ 3 ಡ್ಯಾಮೇಜ್ ಕೊಡುವ ಕ್ರೀಚರ್) ಒಂದೇ ಇದ್ದರೆ ಬಿಟ್ಟುಬಿಡಿ, ನಿಮ್ಮನ್ನು ಮುಗಿಸೋಕೆ ಅದಕ್ಕೂ ಏಳು ಏಟು ಬೇಕು. ಎರಡಾದರೆ ಮತ್ತೆ ಲೆಕ್ಕ ಹಾಕಿ.

ಇನ್ನು ನಿಮ್ಮನ್ನು ಕಾಡಿದ ಸ್ಪೆಲ್‌ಸ್ಟಟರ್ ಸ್ಪ್ರೈಟ್ ಎಂಬ ಫೇರಿ. ಅವರ ಹತ್ತಿರ ಎಷ್ಟು ಫೇರಿ ಇವೆಯೋ ಅಷ್ಟು ಮಾನಾ ಬೆಲೆಯವರೆಗಿನ ಸ್ಪೆಲ್ ಮಾತ್ರ ಅದು ತಡೆಯುತ್ತದೆ. ರಿಫ್ಟ್ ಬೋಲ್ಟ್ ಅನ್ನು ಸಸ್ಪೆಂಡ್ ಮಾಡಿ (ಒಂದು ಟರ್ನ್ ತಡವಾಗಿ ಬರುವಂತೆ ಪಕ್ಕಕ್ಕಿಟ್ಟು) ಒಂದೇ ಮಾನಾ ಕೊಟ್ಟಿದ್ದರೂ ಅದರ ಬೆಲೆ 3. ಫೈರ್‌ಬ್ಲಾಸ್ಟ್‌ಗೆ ಮಾನಾ ಬದಲು ಎರಡು ಮೌಂಟನ್ (ಕೆಂಪು ಮಾನಾ ಕೊಡುವ ಲ್ಯಾಂಡ್) ಬಲಿಕೊಟ್ಟರೂ ಬೆಲೆ 6. ಒಂದು ಸ್ಪ್ರೈಟ್ ಇವೆರಡನ್ನೂ ಮುಟ್ಟಲಾರದು. ಒಂಟಿ ಸ್ಪ್ರೈಟ್ ನಿಮ್ಮ 1 ಮಾನಾದ ಲಾವಾ ಸ್ಪೈಕ್‌ಗೆ ಬಾಯಿ ಹಾಕಿದರೆ, ಅದರ ಟ್ರಿಗರ್ (ತಡೆಯುವ ಪರಿಣಾಮ) ಇನ್ನೂ ಸ್ಟ್ಯಾಕ್‌ನಲ್ಲಿ, ಅಂದರೆ ಜಾರಿಯಾಗಲು ಕಾಯುತ್ತಿರುವಾಗಲೇ ಸ್ಪ್ರೈಟನ್ನು ಬೋಲ್ಟ್‌ನಿಂದ ಕೊಂದರೆ ಸ್ಪೈಕ್ ಬಚಾವ್. ಆದರೆ ಅದು ಕಾರ್ಡಿಗೆ ಕಾರ್ಡ್ ಆಯಿತು, ಅವರ ಹತ್ತಿರ ಸ್ಪ್ರೈಟ್ ಒಂದೇ ಹೊಡೆಯುತ್ತಿದ್ದರೆ ಮಾತ್ರ ಮಾಡಿ.

ಕೌಂಟರ್‌ಸ್ಪೆಲ್ (ಸ್ಪೆಲ್ ತಡೆಯುವ ನೀಲಿ ಕಾರ್ಡ್) ಬೇರೆ ಕಥೆ, ಅದಕ್ಕೆ ಬೆಲೆಯ ಹಂಗಿಲ್ಲ. ಅವರ ಎರಡು ನೀಲಿ ಲ್ಯಾಂಡ್ ಮಾನಾ ಕೊಡಲು ತೆರೆದಿರುವಾಗ ಎರಡು ಮೌಂಟನ್ ಬಲಿಕೊಟ್ಟು ಫೈರ್‌ಬ್ಲಾಸ್ಟ್ ಹಾಕುವುದು ಶುದ್ಧ ದಡ್ಡತನ, ಬೇಜಾರು ಮಾಡ್ಕೋಬೇಡಿ. ಸೋರ್ಸರಿಗಳನ್ನು (ನಿಮ್ಮ ಟರ್ನ್‌ನಲ್ಲಷ್ಟೇ ಹಾಕಬಹುದಾದ ಸ್ಪೆಲ್‌ಗಳು) ನಿಮ್ಮ ಟರ್ನ್‌ನಲ್ಲಿ ಖರ್ಚು ಮಾಡಿ, ಬೋಲ್ಟ್ ಉಳಿಸಿ ಅವರ ಟರ್ನ್ ಕೊನೆಯಲ್ಲಿ ಹಾಕಿ. ಅದನ್ನು ತಡೆಯೋಕೆ ಅವರು ಲ್ಯಾಂಡ್ ಟ್ಯಾಪ್ ಮಾಡಿದರೆ (ಅಡ್ಡ ತಿರುಗಿಸಿ ಮಾನಾ ತೆಗೆದರೆ) ಫೈರ್‌ಬ್ಲಾಸ್ಟ್‌ಗೆ ದಾರಿ ಸಿಕ್ಕಿತು. ಬಲಿ ಕೊಡುವ ಮೌಂಟನ್‌ಗಳನ್ನು ಮೊದಲು ಟ್ಯಾಪ್ ಮಾಡಿ ಮಾನಾ ತೆಗೆದುಕೊಳ್ಳಿ. ಆ ಮಾನಾದಲ್ಲೇ ಒಂದು ಬೋಲ್ಟ್ ಹೋಗುತ್ತದೆ. ಇದನ್ನು ಮರೆಯುವವರೇ ಜಾಸ್ತಿ. 18 ಲ್ಯಾಂಡ್ ಸಾಕು, ಎಲ್ಲವೂ ಮೌಂಟನ್ ಇರಲಿ.

ಹಸಿರು ಡೆಕ್ ಎದುರು ಇದೆಲ್ಲ ಒಂದೇ ಟರ್ನ್‌ನಲ್ಲಿ ಸುರಿಯಬೇಡಿ. ವೆದರ್ ದ ಸ್ಟಾರ್ಮ್ ಎಂಬ ಅವರ ಕಾರ್ಡ್ ಆ ಟರ್ನ್‌ನ ನಿಮ್ಮ ಸ್ಪೆಲ್‌ಗಳನ್ನೂ ಎಣಿಸಿ, ಒಂದೊಂದಕ್ಕೂ ಮೂರು ಮೂರು ಲೈಫ್ ಕೊಡುತ್ತದೆ.

ಫೋಟೋದಲ್ಲಿ ಡೆಕ್‌ಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೀರಲ್ಲ ಗುರುಗಳೇ, ಮೊದಲು ಅದನ್ನು ಬಿಚ್ಚಿ. ಅಂಚು ಹಾಳಾಗುತ್ತದೆ. ಡ್ರಾಗನ್ ಶೀಲ್ಡ್ ಮ್ಯಾಟ್ ಸ್ಲೀವ್ (ಕಾರ್ಡಿಗೆ ಹಾಕುವ ಕವರ್) ತಗೊಳ್ಳಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಕಲಸೋಕೆ ಸಲೀಸು. ಫಾಯಿಲ್ (ಹೊಳೆಯುವ) ಬೋಲ್ಟ್ ಹಾಕಬೇಡಿ, ಮಳೆಗಾಲದ ತೇವಕ್ಕೆ ಹಪ್ಪಳದ ಹಾಗೆ ಸೊಟ್ಟಗಾಗಿ, ಡೆಕ್‌ನಲ್ಲಿ ಎಲ್ಲಿದೆ ಅಂತ ಹೊರಗಿಂದಲೇ ಗೊತ್ತಾಗುತ್ತದೆ. ಟೂರ್ನಮೆಂಟ್‌ನಲ್ಲಿ ಜಡ್ಜ್ ಕಣ್ಣಿಗೆ ಬಿದ್ದರೆ ಗುರುತು ಹಾಕಿದ ಕಾರ್ಡ್ ಅಂತ ಪೆನಾಲ್ಟಿ ಬೀಳಬಹುದು.